ಓಸ್ಲಾವಿಯಾದ ಸಿಪ್ಪೆಸಹಿತ ಬಿಳಿ ವೈನ್: ರಾದಿಕೋನ್ ಕುಟುಂಬದ ತೋಟದಲ್ಲಿ ಹಳೆಯ ವಿಧಾನ ಮತ್ತು ಹೊಸ ತಲೆಮಾರು

ಬಿಳಿ ದ್ರಾಕ್ಷಿಯ ರಸವನ್ನು ಅದರ ಸಿಪ್ಪೆ ಹಾಗೂ ಬೀಜಗಳಿಂದ ಬೇರ್ಪಡಿಸದೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೊತೆಯಲ್ಲಿರಿಸಿ ಹುದುಗಿಸುವ ಪದ್ಧತಿಯು ಇಟಲಿ ಮತ್ತು ಸ್ಲೊವೇನಿಯಾ ದೇಶಗಳ ಗಡಿ ಪ್ರದೇಶದಲ್ಲಿ ಹಿಂದಿನಿಂದಲೂ ರೂಢಿಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹುತೇಕ ಕಣ್ಮರೆಯಾಗಿದ್ದ ಈ ಪದ್ಧತಿಯನ್ನು ಓಸ್ಲಾವಿಯಾ ಎಂಬ ಸಣ್ಣ ಗ್ರಾಮದ ಕೆಲವು ಕುಟುಂಬಗಳು 1990ರ ದಶಕದಲ್ಲಿ ಮರಳಿ ಬಳಕೆಗೆ ತಂದವು. ಆ ಪೈಕಿ ರಾದಿಕೋನ್ ಕುಟುಂಬದ ತೋಟದಲ್ಲಿ ತಂದೆಯು ಹಳೆಯ ಪದ್ಧತಿಯನ್ನು ಪುನಃ ಆರಂಭಿಸಿದ ಬಗೆಯನ್ನು, ತರುವಾಯ ಮಗನು ಅದರಲ್ಲಿ ಮಾಡಿಕೊಂಡ ಮಾರ್ಪಾಡನ್ನು ಹಾಗೂ ಈ ಮಾರ್ಪಾಡಿನ ಹಿಂದಿರುವ ಕಾರಣಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದ್ರಾಕ್ಷಿ ಬೆಳೆಗಾರರು ಮತ್ತು ದ್ರಾಕ್ಷಾರಸ (ವೈನ್) ತಯಾರಿಕಾ ಘಟಕ ಸ್ಥಾಪನೆಗೆ ಅರ್ಜಿ ಸಲ್ಲಿಸಲು ಇಚ್ಛಿಸುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮದ್ಯಪಾನವನ್ನು ಪ್ರೋತ್ಸಾಹಿಸುವುದು ಇದರ ಉದ್ದೇಶವಲ್ಲ.

ಸ್ಥಳ ಮತ್ತು ಹಿನ್ನೆಲೆ

ಓಸ್ಲಾವಿಯಾ ಗ್ರಾಮವು ಇಟಲಿಯ ಈಶಾನ್ಯ ಭಾಗದಲ್ಲಿ, ಗೊರಿತ್ಸಿಯಾ ಪಟ್ಟಣಕ್ಕೆ ಹೊಂದಿಕೊಂಡಂತೆ, ಕೊಲ್ಲಿಯೊ ಎಂಬ ಗುಡ್ಡಗಳ ಸಾಲಿನಲ್ಲಿದೆ. ಸ್ಲೊವೇನಿಯಾದ ಗಡಿಯು ಇಲ್ಲಿಗೆ ಅತಿ ಸಮೀಪದಲ್ಲಿರುತ್ತದೆ. ಗ್ರಾಮದ ನಿವಾಸಿಗಳಲ್ಲಿ ಅನೇಕರ ಮನೆಮಾತು ಸ್ಲೊವೇನಿಯನ್ ಭಾಷೆಯಾಗಿದ್ದು, ಅವರು ಈ ಊರನ್ನು ಓಸ್ಲಾವ್ಯೆ ಎಂದು ಕರೆಯುತ್ತಾರೆ. ಸುಣ್ಣಾಂಶದ ಜೇಡಿ ಮತ್ತು ಮರಳುಗಲ್ಲು ಪದರಪದರವಾಗಿ ಕೂಡಿದ, ಗಾಳಿ ಮಳೆಗೆ ಸುಲಭವಾಗಿ ಪುಡಿಯಾಗುವ ಇಲ್ಲಿನ ಮಣ್ಣಿಗೆ ಸ್ಥಳೀಯವಾಗಿ ಪೊಂಕಾ ಎಂಬ ಹೆಸರಿದೆ.

ಮೊದಲನೆಯ ಮಹಾಯುದ್ಧದಲ್ಲಿ ಇಸೊನ್ಜೊ ನದಿಯ ದಂಡೆಯಲ್ಲಿ ನಡೆದ ಕದನಗಳಲ್ಲಿ ಓಸ್ಲಾವಿಯಾ ಸಂಪೂರ್ಣವಾಗಿ ನಾಶವಾಯಿತು. 1916ರ ಆಗಸ್ಟ್‌ನಲ್ಲಿ ಇಟಲಿಯ ಸೇನೆ ಗೊರಿತ್ಸಿಯಾವನ್ನು ವಶಪಡಿಸಿಕೊಳ್ಳುವ ವೇಳೆಗೆ ಗುಡ್ಡಗಳ ಮೇಲೆ ಮನೆಯಾಗಲಿ ಬಳ್ಳಿಯಾಗಲಿ ಉಳಿದಿರಲಿಲ್ಲ. ಮಡಿದ ಸೈನಿಕರ ಪೈಕಿ 57 ಸಾವಿರಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು 1938ರಲ್ಲಿ ಪೂರ್ಣಗೊಂಡ ಸ್ಮಾರಕದಲ್ಲಿ ಇರಿಸಲಾಗಿದ್ದು, ಅದು ಇಂದಿಗೂ ದ್ರಾಕ್ಷಿ ತೋಟಗಳ ನಡುವೆಯೇ ನಿಂತಿದೆ. ಎರಡನೆಯ ಮಹಾಯುದ್ಧದ ತರುವಾಯ 1947ರಲ್ಲಿ ಎಳೆಯಲಾದ ಗಡಿರೇಖೆಯಿಂದಾಗಿ ಈ ಭಾಗದ ಹಲವು ಕುಟುಂಬಗಳ ಮನೆ ಒಂದು ದೇಶಕ್ಕೂ ತೋಟ ಇನ್ನೊಂದು ದೇಶಕ್ಕೂ ಸೇರಿತು. ಸ್ಲೊವೇನಿಯಾ 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಸೇರಿ, 2007ರ ಡಿಸೆಂಬರ್‌ನಲ್ಲಿ ಗಡಿ ತಪಾಸಣೆ ರದ್ದಾಗುವವರೆಗೆ ಈ ತೊಡಕು ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯಿತು. ಇಲ್ಲಿ ತೋಟ ಮಾಡುವವರು "ನಮ್ಮ ಹಿರಿಯರ ಪದ್ಧತಿ" ಎನ್ನುವಾಗ, ಅದು ಒಮ್ಮೆ ಬೇರುಸಹಿತ ಕಿತ್ತುಹೋಗಿ ಮತ್ತೆ ನೆಟ್ಟ ಪದ್ಧತಿ ಎಂಬುದನ್ನು ನೆನಪಿನಲ್ಲಿಡಬೇಕು.

ಸಾಮಾನ್ಯ ಬಿಳಿ ವೈನ್‌ಗೂ ಇದಕ್ಕೂ ಇರುವ ವ್ಯತ್ಯಾಸ

ಬಿಳಿ ವೈನ್ ತಯಾರಿಸುವಾಗ ಸಾಮಾನ್ಯವಾಗಿ ಹಣ್ಣನ್ನು ಕೊಯ್ದ ಕೂಡಲೇ ಹಿಂಡಿ, ಸಿಪ್ಪೆಯನ್ನು ತೆಗೆದುಹಾಕಿ, ತಿಳಿರಸವನ್ನು ಮಾತ್ರ ತಂಪಾದ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿಸಲಾಗುತ್ತದೆ. ಕೆಂಪು ವೈನ್‌ನಲ್ಲಿ ಇದಕ್ಕೆ ಬದಲಾಗಿ ಸಿಪ್ಪೆ, ಬೀಜ ಮತ್ತು ರಸ ಒಟ್ಟಿಗೆ ಹುದುಗುತ್ತವೆ. ಬಣ್ಣವೂ ಒಗರೂ ಬರುವುದು ಸಿಪ್ಪೆ ಬೀಜಗಳಿಂದಲೇ. ಓಸ್ಲಾವಿಯಾದ ವಿಧಾನವೆಂದರೆ, ಸರಳವಾಗಿ ಹೇಳುವುದಾದರೆ, ಬಿಳಿ ದ್ರಾಕ್ಷಿಯನ್ನು ಕೆಂಪು ದ್ರಾಕ್ಷಿಯಂತೆ ನಡೆಸಿಕೊಳ್ಳುವುದು. ಇದರಿಂದ ದೊರೆಯುವ ವೈನ್ ನಸು ಹಳದಿಯಾಗಿರದೆ ಜೇನಿನ ಅಥವಾ ಕಿತ್ತಳೆಯ ಬಣ್ಣಕ್ಕೆ ತಿರುಗಿರುತ್ತದೆ. ಕುಡಿದಾಗ ಕಡುಚಹಾದಲ್ಲಿರುವಂತಹ ಒಗರು ನಾಲಿಗೆಗೆ ತಿಳಿಯುತ್ತದೆ. 2004ರಲ್ಲಿ ಡೇವಿಡ್ ಹಾರ್ವೆ ಎಂಬ ಬ್ರಿಟಿಷ್ ವೈನ್ ವ್ಯಾಪಾರಿ ಇದನ್ನು "ಆರೆಂಜ್ ವೈನ್" ಎಂದು ಕರೆದರು. ಆ ಹೆಸರೇ ಮಾರುಕಟ್ಟೆಯಲ್ಲಿ ನೆಲೆಗೊಂಡಿದೆ. ಇದಕ್ಕೂ ಕಿತ್ತಳೆ ಹಣ್ಣಿಗೂ ಯಾವುದೇ ಸಂಬಂಧವಿರುವುದಿಲ್ಲ.

ಇಲ್ಲಿನ ಮುಖ್ಯ ತಳಿ ರಿಬೊಲ್ಲಾ ಜಾಲ್ಲಾ. ಇದು ತಡವಾಗಿ ಮಾಗುವ, ದಪ್ಪ ಸಿಪ್ಪೆಯ, ಹುಳಿ ಉಳಿಸಿಕೊಳ್ಳುವ ಬಿಳಿ ದ್ರಾಕ್ಷಿ. ಬರಿಯ ರಸದಿಂದ ತಯಾರಿಸಿದ ರಿಬೊಲ್ಲಾ ತೆಳುವಾಗಿ, ಹೆಚ್ಚಿನ ಗುಣವಿಶೇಷವಿಲ್ಲದೆ ಇರುತ್ತದೆ. ಈ ಹಣ್ಣಿನ ಸತ್ವವೆಲ್ಲ ಸಿಪ್ಪೆಯಲ್ಲಿದೆ ಎಂಬುದು ಇಲ್ಲಿನ ಬೆಳೆಗಾರರ ಅನುಭವ.

ಹಳೆಯ ರೂಢಿ ಎಷ್ಟು ದಿನದ್ದು?

ಓಸ್ಲಾವಿಯಾಕ್ಕೆ ಸಮೀಪದ ವಿಪಾವಾ ಕಣಿವೆಯಲ್ಲಿದ್ದ ಮಾತಿಯಾ ವೆರ್ತೊವೆತ್ಸ್ ಎಂಬ ಪಾದ್ರಿಯು 1844ರಲ್ಲಿ ಸ್ಲೊವೇನಿಯನ್ ಭಾಷೆಯಲ್ಲಿ ದ್ರಾಕ್ಷಿ ಬೇಸಾಯದ ಕೈಪಿಡಿಯೊಂದನ್ನು ಪ್ರಕಟಿಸಿದರು. ಬಿಳಿ ದ್ರಾಕ್ಷಿಯನ್ನು ಸಿಪ್ಪೆಯೊಡನೆ ಹುದುಗಿಸುವ "ಹಳೆಯ ವಿಪಾವಾ ವಿಧಾನ"ವನ್ನು ಅದರಲ್ಲಿ ದಾಖಲಿಸಲಾಗಿದೆ. ಒಂದು ದಿನದಿಂದ ಹಿಡಿದು ಮೂವತ್ತು ದಿನಗಳವರೆಗೆ ಎಂಬುದು ಅವರು ತಿಳಿಸಿರುವ ಅವಧಿ. ಈ ಅಂಕಿಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳುವುದು ಒಳಿತು. ಮುಂದಿನ ವಿವರಣೆಗೆ ಇದು ಅಗತ್ಯವಾಗುತ್ತದೆ.

ಬಡ ರೈತರಿಗೆ ಸಿಪ್ಪೆಯು ಒಂದು ಬಗೆಯ ರಕ್ಷಣೆಯಾಗಿತ್ತು. ಸಿಪ್ಪೆ ಬೀಜಗಳಿಂದ ರಸಕ್ಕೆ ಇಳಿಯುವ ಟ್ಯಾನಿನ್ ಮೊದಲಾದ ಒಗರು ಪದಾರ್ಥಗಳು ಗಾಳಿಯ ಆಮ್ಲಜನಕದಿಂದ ವೈನ್ ಬೇಗನೆ ಕೆಡದಂತೆ ತಡೆಯುತ್ತವೆ. ಶೈತ್ಯೀಕರಣವಾಗಲಿ ಸೋಸುವ ಯಂತ್ರವಾಗಲಿ ಇಲ್ಲದ ಕಾಲದಲ್ಲಿ, ಒಂದು ಕೊಯ್ಲಿನ ವೈನ್ ಮುಂದಿನ ಕೊಯ್ಲಿನವರೆಗೆ ಉಳಿಯಬೇಕಾದರೆ ಇದೇ ಉಪಾಯ. ರಾದಿಕೋನ್ ತೋಟದಲ್ಲಿ ರಿಬೊಲ್ಲಾ ಬೆಳೆಸುತ್ತಿದ್ದ ಹಿರಿಯರಾದ ಫ್ರಾಂಟ್ಸ್ ಮಿಕುಲುಸ್ ಅವರೂ ಇದೇ ಕಾರಣದಿಂದ ರಿಬೊಲ್ಲಾವನ್ನು ಸಿಪ್ಪೆಯೊಡನೆ ಇರಿಸುತ್ತಿದ್ದರು.

1960ರ ದಶಕದಿಂದ ಈ ರೂಢಿ ಬದಲಾಯಿತು. ಕೊಲ್ಲಿಯೊ ಪ್ರದೇಶದವರೇ ಆದ ಮಾರಿಯೊ ಸ್ಕಿಯೊಪೆತ್ತೊ ಅವರು ಜರ್ಮನಿಯ ಮಾದರಿಯ ತಂಪು ಹುದುಗುವಿಕೆಯನ್ನು ಇಲ್ಲಿ ಪರಿಚಯಿಸಿದರು. ಸ್ವಚ್ಛ, ತಿಳಿಬಣ್ಣದ, ಸುವಾಸನೆಯ ವೈನ್‌ಗಳಿಗೆ ಒಳ್ಳೆಯ ಬೆಲೆ ಬಂದಿತು. 1968ರಲ್ಲಿ ಕೊಲ್ಲಿಯೊ ಹೆಸರಿಗೆ ನಿಯಂತ್ರಿತ ಮೂಲಸ್ಥಾನದ ಮಾನ್ಯತೆ ದೊರೆಯಿತು. ಇದನ್ನು ಹಾನಿ ಎಂದು ಹೇಳಲಾಗದು. ಬಡತನದಿಂದ ಬಳಲಿದ್ದ ಒಂದು ಗಡಿನಾಡಿಗೆ ಇದರಿಂದ ಆದಾಯ ಬಂದಿದೆ. ಆದರೆ ಸಿಪ್ಪೆಸಹಿತ ವಿಧಾನವು ಹಳ್ಳಿಗರ ಒರಟು ಪದ್ಧತಿ ಎನಿಸಿಕೊಂಡು ಬದಿಗೆ ಸರಿಯಿತು.

ಸ್ಟಾಂಕೊ ರಾದಿಕೋನ್ ಅವರ ಪ್ರಯೋಗ

1970ರ ದಶಕದ ಕೊನೆಯಲ್ಲಿ ತೋಟದ ಹೊಣೆ ವಹಿಸಿಕೊಂಡ ಸ್ಟಾಂಕೊ ರಾದಿಕೋನ್ ಅವರು ಮೊದಲಿಗೆ ಎಲ್ಲರಂತೆ ಹೊಸ ವಿಧಾನವನ್ನೇ ಅನುಸರಿಸಿದರು. ತೋಟದಲ್ಲಿ ಹಣ್ಣು ಬಾಯಿಗೆ ಹಾಕಿಕೊಂಡಾಗ ಸಿಗುವ ರುಚಿ ತಮ್ಮ ರಿಬೊಲ್ಲಾ ವೈನ್‌ನಲ್ಲಿ ಇಲ್ಲ ಎಂಬ ಅತೃಪ್ತಿ ಅವರಲ್ಲಿತ್ತು. 1995ರಲ್ಲಿ ಅವರು ರಿಬೊಲ್ಲಾವನ್ನು ಸಿಪ್ಪೆಯೊಡನೆ ಹುದುಗಿಸಿ ನೋಡಿದರು. ಫಲಿತಾಂಶ ಮನಸ್ಸಿಗೆ ಒಪ್ಪಿದ್ದರಿಂದ ವರ್ಷದಿಂದ ವರ್ಷಕ್ಕೆ ಅವಧಿಯನ್ನು ಹೆಚ್ಚಿಸುತ್ತ, ಇತರ ಬಿಳಿ ತಳಿಗಳಿಗೂ ವಿಸ್ತರಿಸಿದರು. ಕಡೆಗೆ ಸಿಪ್ಪೆಯೊಡನೆ ಇರಿಸುವ ಕಾಲ ಮೂರು ನಾಲ್ಕು ತಿಂಗಳಿಗೆ ಬಂದು ನಿಂತಿತು.

ವಿಧಾನ ಹೀಗಿದೆ. ಕೈಯಿಂದ ಕೊಯ್ದ ಗೊಂಚಲುಗಳಿಂದ ತೊಟ್ಟುಗಳನ್ನು ಬೇರ್ಪಡಿಸಿ, ಹಣ್ಣನ್ನು ಮರದ ತೆರೆದ ತೊಟ್ಟಿಗಳಿಗೆ ಹಾಕಲಾಗುತ್ತದೆ. ಹೊರಗಿನ ಯೀಸ್ಟ್ ಸೇರಿಸುವುದಿಲ್ಲ. ಹಣ್ಣಿನ ಮೇಲೂ ನೆಲಮಾಳಿಗೆಯಲ್ಲೂ ಇರುವ ಯೀಸ್ಟ್‌ನಿಂದಲೇ ಹುದುಗು ಏಳುತ್ತದೆ. ಹುದುಗುವಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಸಿಪ್ಪೆಗಳನ್ನು ಮೇಲಕ್ಕೆ ತಳ್ಳಿ ದಪ್ಪ ಹೊದಿಕೆಯಂತೆ ಮಾಡುತ್ತದೆ. ಆ ಹೊದಿಕೆ ಒಣಗಿದರೆ ವಿನೆಗರ್ ಹುಳಿ ಹಿಡಿಯುವ ಅಪಾಯವಿರುವುದರಿಂದ ದಿನಕ್ಕೆ ಮೂರು ನಾಲ್ಕು ಬಾರಿ ಅದನ್ನು ರಸದೊಳಗೆ ಅದುಮಬೇಕು. ರಾತ್ರಿಯೆಂದು ಬಿಡುವಂತಿಲ್ಲ. ಹುದುಗು ಮುಗಿದ ಬಳಿಕ ಗಾಳಿ ತಾಗದಂತೆ ತೊಟ್ಟಿಯನ್ನು ತುಂಬಿ ಮುಚ್ಚಿ, ತಿಂಗಳುಗಳ ನಂತರ ಹಿಂಡಿ, ದೊಡ್ಡ ಓಕ್ ಪೀಪಾಯಿಗಳಲ್ಲಿ ಮೂರು ನಾಲ್ಕು ವರ್ಷ ಇರಿಸಲಾಗುತ್ತದೆ. ಸೋಸುವುದಿಲ್ಲ. 2000ರ ದಶಕದ ಆರಂಭದಿಂದ ಈ ವೈನ್‌ಗಳಿಗೆ ಸಲ್ಫರ್ ಡೈಆಕ್ಸೈಡ್ ಸೇರಿಸುವುದನ್ನೂ ಅವರು ಕೈಬಿಟ್ಟರು.

ಇದೇ ಊರಿನ ಯೋಶ್ಕೊ ಗ್ರಾವ್ನರ್ ಅವರೂ ಅದೇ ಕಾಲದಲ್ಲಿ ಸಮಾನ ದಾರಿ ಹಿಡಿದಿದ್ದರು. 1996ರ ಆಲಿಕಲ್ಲು ಮಳೆಯಿಂದ ರಿಬೊಲ್ಲಾ ಬೆಳೆಯ ಬಹುಪಾಲು ನಷ್ಟವಾದಾಗ, ಉಳಿದ ಅಲ್ಪ ಹಣ್ಣಿನಲ್ಲಿ ಅವರು ಸಿಪ್ಪೆಸಹಿತ ಹುದುಗುವಿಕೆಯ ಪ್ರಯೋಗ ನಡೆಸಿದರು. 2000ದಲ್ಲಿ ಜಾರ್ಜಿಯಾ ದೇಶಕ್ಕೆ ಭೇಟಿ ನೀಡಿ, 2001ರಿಂದ ಅಲ್ಲಿನ ಕ್ವೆವ್ರಿ ಎಂಬ ಮಣ್ಣಿನ ಗುಡಾಣಗಳನ್ನು ತಮ್ಮ ನೆಲಮಾಳಿಗೆಯಲ್ಲಿ ಹೂತು ಬಳಸತೊಡಗಿದರು. (ಉತ್ತರ ಕರ್ನಾಟಕದ ಹಗೇವು ಕಂಡವರಿಗೆ, ಭೂಮಿಯ ತಂಪನ್ನು ನಂಬಿ ನೆಲದೊಳಗೆ ಕಾಪಿಡುವ ಈ ಉಪಾಯ ತೀರ ಅಪರಿಚಿತವೆನಿಸದು.) ಜಾರ್ಜಿಯಾದ ಈ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆಯು 2013ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ರಾದಿಕೋನ್ ಕುಟುಂಬವು ಗುಡಾಣಗಳ ಕಡೆಗೆ ಹೋಗದೆ ಮರದಲ್ಲಿಯೇ ಉಳಿಯಿತು.

ನಿಯಮಗಳೊಡನೆ ಉಂಟಾದ ತೊಡಕು

ಅರ್ಜಿದಾರರಿಗೆ ವಿಶೇಷವಾಗಿ ಆಸಕ್ತಿಯ ವಿಷಯವೆಂದರೆ, ಈ ವೈನ್‌ಗಳು ಅಧಿಕೃತ ವರ್ಗೀಕರಣಕ್ಕೆ ಸುಲಭವಾಗಿ ಹೊಂದಿಕೊಳ್ಳಲಿಲ್ಲ. ಮೂಲಸ್ಥಾನದ ಹೆಸರು ಬಳಸಬೇಕಾದರೆ ವೈನ್ ಆ ವರ್ಗಕ್ಕೆ ನಿಗದಿಯಾದ ಬಣ್ಣ, ಸ್ಪಷ್ಟತೆ ಮತ್ತು ರುಚಿಯನ್ನು ಹೊಂದಿರಬೇಕು. ತಿಳಿಹಳದಿ ಬಣ್ಣವನ್ನು ನಿರೀಕ್ಷಿಸುವ ಪರೀಕ್ಷಕರ ಮುಂದೆ ಮಬ್ಬಾದ ಕಿತ್ತಳೆ ಬಣ್ಣದ ವೈನ್ ಇಟ್ಟರೆ ಅದನ್ನು ದೋಷವೆಂದೇ ಪರಿಗಣಿಸುವುದು ಸಹಜ. ಹೀಗಾಗಿ ರಾದಿಕೋನ್ ವೈನ್‌ಗಳು ಕೊಲ್ಲಿಯೊ ಹೆಸರನ್ನು ಬಿಟ್ಟು, ಹೆಚ್ಚು ಸಡಿಲ ನಿಯಮಗಳಿರುವ "ವೆನೇಸಿಯಾ ಜೂಲಿಯಾ" ಎಂಬ ವಿಶಾಲ ಭೌಗೋಳಿಕ ಹೆಸರಿನಡಿ ಮಾರಾಟವಾಗುತ್ತವೆ. ಊರಿನ ಅತ್ಯಂತ ಹಳೆಯ ವಿಧಾನಕ್ಕೆ ಊರಿನ ಅಧಿಕೃತ ಹೆಸರು ದೊರೆಯದ ಪರಿಸ್ಥಿತಿ ಇದು.

ಹೆಸರಿನ ಮತ್ತೊಂದು ಪ್ರಸಂಗವೂ ಉಂಟು. ಈ ಪ್ರದೇಶದ ಫ್ರಿಯುಲಾನೊ ತಳಿಯನ್ನು ಹಿಂದೆ ತೊಕಾಯ್ ಎನ್ನುತ್ತಿದ್ದರು. ಹಂಗೇರಿಯ ಟೊಕಾಯ್ ವೈನ್‌ನೊಡನೆ ಗೊಂದಲವಾಗುವುದೆಂಬ ಕಾರಣಕ್ಕೆ 2007ರಿಂದ ಆ ಹೆಸರಿನ ಬಳಕೆ ನಿಷೇಧವಾಯಿತು. ರಾದಿಕೋನ್ ಅವರು ಅಕ್ಷರಗಳನ್ನು ಹಿಂದುಮುಂದಾಗಿಸಿ ತಮ್ಮ ವೈನ್‌ಗೆ "ಯಾಕೊತ್" ಎಂದು ಹೆಸರಿಟ್ಟರು. ನಿಯಮವನ್ನು ಪಾಲಿಸಿಯೂ ಅಸಮಾಧಾನವನ್ನು ದಾಖಲಿಸುವ ಈ ಜಾಣ್ಮೆಯನ್ನು ಮೆಚ್ಚಲೇಬೇಕು.

ಸಾಶಾ ರಾದಿಕೋನ್ ಅವರ ಮಾರ್ಪಾಡು

ಸ್ಟಾಂಕೊ ಅವರ ಮಗ ಸಾಶಾ ರಾದಿಕೋನ್ ಅವರು ತಂದೆಯೊಡನೆ ನೆಲಮಾಳಿಗೆಯ ಕೆಲಸಕ್ಕೆ ಸೇರಿದ ಬಳಿಕ, 2009ರ ಕೊಯ್ಲಿನಿಂದ "ಎಸ್" ಎಂದು ಗುರುತಿಸಲಾಗುವ ಪ್ರತ್ಯೇಕ ಶ್ರೇಣಿಯೊಂದನ್ನು ಆರಂಭಿಸಿದರು. ಶಾರ್ಡನೆ ಮತ್ತು ಫ್ರಿಯುಲಾನೊ ಬೆರೆತ "ಸ್ಲಾತ್ನಿಕ್" ಹಾಗೂ ಪಿನೊ ಗ್ರಿಜೊ ತಳಿಯ "ಸಿವಿ" ಇದರಲ್ಲಿ ಸೇರಿವೆ. ತೋಟ, ಕೊಯ್ಲು, ಯೀಸ್ಟ್, ಮರದ ತೊಟ್ಟಿ ಇವೆಲ್ಲ ತಂದೆಯ ಪದ್ಧತಿಯಂತೆಯೇ ಇವೆ. ಬದಲಾದುದು ಕಾಲದ ಲೆಕ್ಕ. ಸಿಪ್ಪೆಯೊಡನೆ ಮೂರು ನಾಲ್ಕು ತಿಂಗಳ ಬದಲು ಸುಮಾರು ಎರಡು ವಾರ. ಪೀಪಾಯಿಯಲ್ಲಿ ಮೂರು ನಾಲ್ಕು ವರ್ಷದ ಬದಲು ಸುಮಾರು ಒಂದೂವರೆ ವರ್ಷ. ಜೊತೆಗೆ ಅಲ್ಪ ಪ್ರಮಾಣದ ಸಲ್ಫರ್ ಡೈಆಕ್ಸೈಡ್ ಸೇರಿಸಲಾಗುತ್ತದೆ.

ಕಡೆಯ ಅಂಶವು ಮೊದಲ ಎರಡರ ಪರಿಣಾಮವೆಂಬುದನ್ನು ಗಮನಿಸಬೇಕು. ದೀರ್ಘಕಾಲ ಸಿಪ್ಪೆಯೊಡನಿದ್ದ ವೈನ್‌ಗೆ ಒಗರಿನ ರಕ್ಷಣೆ ಇರುತ್ತದೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ನಿಂತಾಗ ಅಸ್ಥಿರ ಪದಾರ್ಥಗಳು ಗಸಿಯಾಗಿ ಕೆಳಗಿಳಿದು, ಆಗಬೇಕಾದ ಬದಲಾವಣೆಗಳು ಬಾಟಲಿಗೆ ಹೋಗುವ ಮುನ್ನವೇ ಆಗಿಹೋಗುತ್ತವೆ. ಕಾಲವನ್ನು ಮೊಟಕುಗೊಳಿಸಿದರೆ ಆ ರಕ್ಷಣೆಯೂ ಮೊಟಕಾಗುತ್ತದೆ, ಕೊರತೆಯನ್ನು ಗಂಧಕ ತುಂಬುತ್ತದೆ. ಸಲ್ಫರ್ ಸೇರಿಸದಿರುವುದನ್ನು ಬರಿಯ ಆದರ್ಶವೆಂದು ತಿಳಿಯುವವರು, ಅದಕ್ಕೆ ತೆರಬೇಕಾದ ಬೆಲೆ ವರ್ಷಗಳಲ್ಲಿದೆ ಎಂಬುದನ್ನು ಮರೆಯುತ್ತಾರೆ. ಯುರೋಪಿಯನ್ ಒಕ್ಕೂಟದ ನಿಯಮಗಳಂತೆ ಸಿಹಿಯಿಲ್ಲದ ಬಿಳಿ ವೈನ್‌ನಲ್ಲಿ ಒಟ್ಟು ಸಲ್ಫರ್ ಡೈಆಕ್ಸೈಡ್ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು. 10 ಮಿಲಿಗ್ರಾಂ ಮೀರಿದರೆ ಲೇಬಲ್‌ನಲ್ಲಿ ತಿಳಿಸುವುದು ಕಡ್ಡಾಯ. "ಎಸ್" ಶ್ರೇಣಿಯಲ್ಲಿ ಸೇರಿಸುವ ಪ್ರಮಾಣವು ಮೇಲಿನ ಮಿತಿಗಿಂತ ಬಹಳ ಕಡಿಮೆ.

ಬಾಟಲಿಯಲ್ಲಿಯೂ ವ್ಯತ್ಯಾಸವಿದೆ. ತಂದೆಯ ಕಾಲದ ವೈನ್‌ಗಳಿಗೆ, ನೆರೆಯ ಕಾರ್ಸೊ ಪ್ರದೇಶದ ಎಡಿ ಕಾಂತೆ ಅವರೊಡನೆ ಸೇರಿ ರೂಪಿಸಿದ 1 ಲೀಟರ್ ಮತ್ತು ಅರ್ಧ ಲೀಟರ್ ಬಾಟಲಿಗಳನ್ನು ಬಳಸಲಾಗುತ್ತದೆ. ಇವುಗಳ ಕೊರಳು ಸಪೂರ, ಬಿರಡೆಯೂ ಸಣ್ಣದು. ಬಿರಡೆಯ ಮೂಲಕ ನುಸುಳುವ ಗಾಳಿಗೂ ಒಳಗಿರುವ ವೈನ್‌ಗೂ ಸರಿಯಾದ ಪ್ರಮಾಣವಿರಲಿ ಎಂಬುದು ಉದ್ದೇಶ. ಮಗನ ಶ್ರೇಣಿಯು ಎಲ್ಲ ಅಂಗಡಿಗಳ ಕಪಾಟಿಗೂ ಹೊಂದುವ ಸಾಮಾನ್ಯ 750 ಮಿಲಿಲೀಟರ್ ಬಾಟಲಿಯಲ್ಲಿ ಬರುತ್ತದೆ.

ಸ್ಟಾಂಕೊ ಅವರು 2016ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಅಂದಿನಿಂದ ಸಾಶಾ ಅವರು ಕುಟುಂಬದವರೊಡನೆ ತೋಟವನ್ನು ನಡೆಸುತ್ತಿದ್ದಾರೆ. ತಂದೆಯ ದೀರ್ಘಾವಧಿಯ ವೈನ್‌ಗಳನ್ನು ನಿಲ್ಲಿಸಿಲ್ಲ. ಎರಡು ಶ್ರೇಣಿಗಳೂ ಒಂದೇ ನೆಲಮಾಳಿಗೆಯಲ್ಲಿ ತಯಾರಾಗುತ್ತವೆ.

ಮಗನು ಪರಂಪರೆಯನ್ನು ಸಡಿಲಗೊಳಿಸಿದನೆಂದು ಭಾವಿಸುವವರಿದ್ದಾರೆ. ವೆರ್ತೊವೆತ್ಸ್ ದಾಖಲಿಸಿದ ಅವಧಿಯೊಡನೆ ಹೋಲಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಒಂದರಿಂದ ಮೂವತ್ತು ದಿನ ಎಂಬ ಹತ್ತೊಂಬತ್ತನೆಯ ಶತಮಾನದ ಲೆಕ್ಕಕ್ಕೆ ಎರಡು ವಾರ ಸರಿಯಾಗಿ ಹೊಂದುತ್ತದೆ. ನಾಲ್ಕು ತಿಂಗಳು ಹೊಂದುವುದಿಲ್ಲ. ಅಂದರೆ "ಸಾಂಪ್ರದಾಯಿಕ" ಎನಿಸಿಕೊಂಡಿರುವ ತಂದೆಯ ದೀರ್ಘ ವಿಧಾನವೇ ಹೊಸ ಆವಿಷ್ಕಾರ, "ಹೊಸದು" ಎನಿಸಿಕೊಂಡಿರುವ ಮಗನ ವಿಧಾನವೇ ಹಿರಿಯರ ರೂಢಿಗೆ ಹತ್ತಿರ. ವಿಚಿತ್ರವೆಂದರೆ, ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯು 2020ರಲ್ಲಿ ಸಿಪ್ಪೆಸಹಿತ ಬಿಳಿ ವೈನ್‌ಗೆ ನೀಡಿದ ವ್ಯಾಖ್ಯೆಯಲ್ಲಿ ಕನಿಷ್ಠ ಒಂದು ತಿಂಗಳು ಸಿಪ್ಪೆಯೊಡನಿರಬೇಕೆಂದು ನಿಗದಿಪಡಿಸಿದೆ. ಆ ಅಳತೆಗೋಲಿನಂತೆ ತಂದೆಯ ವೈನ್ ಒಳಗೆ, ಮಗನದು ಹೊರಗೆ. ಭಾರತವು 2011ರಿಂದ ಈ ಸಂಸ್ಥೆಯ ಸದಸ್ಯ ರಾಷ್ಟ್ರವಾಗಿರುವುದರಿಂದ ಇಲ್ಲಿನ ತಯಾರಕರಿಗೂ ಈ ವ್ಯಾಖ್ಯೆ ತಿಳಿದಿರುವುದು ಒಳ್ಳೆಯದು.

ಕಾಲಾವಧಿ ಮತ್ತು ಬಂಡವಾಳ

ಮಾರ್ಪಾಡಿನ ಹಿಂದೆ ರುಚಿಯ ವಿಚಾರವಿರುವಂತೆ ಹಣದ ವಿಚಾರವೂ ಇದೆ. ದೀರ್ಘಾವಧಿಯ ವೈನ್ ಕೊಯ್ಲಾದ ಸುಮಾರು ಆರು ವರ್ಷಗಳ ಬಳಿಕ ಮಾರುಕಟ್ಟೆಗೆ ಬರುತ್ತದೆ. ಉದಾಹರಣೆಗೆ, ವರ್ಷಕ್ಕೆ 10,000 ಲೀಟರ್ ತಯಾರಿಸುವ ಘಟಕವೊಂದು ಈ ಕ್ರಮವನ್ನು ಅನುಸರಿಸಿದರೆ, ಮೊದಲ ಬಾಟಲಿ ಮಾರಾಟವಾಗುವ ವೇಳೆಗೆ ನೆಲಮಾಳಿಗೆಯಲ್ಲಿ 60,000 ಲೀಟರ್ ಸಂಗ್ರಹವಾಗಿರುತ್ತದೆ. ಅಷ್ಟಕ್ಕೆ ಪೀಪಾಯಿ, ಬಾಟಲಿ ಮತ್ತು ಸ್ಥಳ ಬೇಕು. ಆವಿಯಾಗಿ ಕಡಿಮೆಯಾದುದನ್ನು ಆಗಾಗ ತುಂಬಬೇಕು. ಆರು ವರ್ಷಗಳ ಕೂಲಿ, ಬಳ್ಳಿಗಳ ಆರೈಕೆ, ಸಾಲವಿದ್ದಲ್ಲಿ ಬಡ್ಡಿ ಇವನ್ನು ಬೇರೆ ಆದಾಯದಿಂದ ನಿಭಾಯಿಸಬೇಕು. ನಡುವೆ ಒಂದು ಆಲಿಕಲ್ಲು ಮಳೆ ಬಂದರೆ ಅದರ ನಷ್ಟದ ಅರಿವು ಆರು ವರ್ಷದ ನಂತರದ ಲೆಕ್ಕಪುಸ್ತಕದಲ್ಲಿ ಆಗುತ್ತದೆ. ಎರಡು ವರ್ಷದೊಳಗೆ ಅಥವಾ ಅದರ ಆಸುಪಾಸಿನಲ್ಲಿ ಮಾರಾಟಕ್ಕೆ ಸಿದ್ಧವಾಗುವ ಇನ್ನೊಂದು ಶ್ರೇಣಿಯಿದ್ದರೆ ದೀರ್ಘಾವಧಿಯದಕ್ಕೆ ಕಾಯುವ ಶಕ್ತಿ ಬರುತ್ತದೆ. ಹೊಸಬರಿಗೂ ಒಗರು ಕಡಿಮೆಯಿರುವ ವೈನ್ ಮೂಲಕ ಈ ಪದ್ಧತಿಯ ಪರಿಚಯವಾಗುತ್ತದೆ.

ನಮ್ಮ ರಾಜ್ಯದ ಅರ್ಜಿದಾರರ ಗಮನಕ್ಕೆ

ರಾಜ್ಯದಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯ ತರುವಾಯ ನಂದಿ ಕಣಿವೆ ಹಾಗೂ ಕೃಷ್ಣಾ ಕಣಿವೆಯಲ್ಲಿ ಹಲವು ಘಟಕಗಳು ಆರಂಭವಾದವು. ಸಿಪ್ಪೆಸಹಿತ ಬಿಳಿ ವೈನ್ ತಯಾರಿಸುವ ಆಲೋಚನೆಯುಳ್ಳವರು ಓಸ್ಲಾವಿಯಾದ ವಿಧಾನವನ್ನು ಯಥಾವತ್ತಾಗಿ ಇಲ್ಲಿ ಅನುಸರಿಸಲು ಬಾರದು. ಅಲ್ಲಿ ಕೊಯ್ಲು ಶರತ್ಕಾಲದಲ್ಲಿ ನಡೆದು, ಸಿಪ್ಪೆಯೊಡನಿರುವ ತಿಂಗಳುಗಳೆಲ್ಲ ಚಳಿಗಾಲಕ್ಕೆ ಬೀಳುತ್ತವೆ. ನೆಲಮಾಳಿಗೆ ತಾನಾಗಿಯೇ ತಂಪಾಗಿರುತ್ತದೆ. ನಮ್ಮಲ್ಲಿ ಮುಖ್ಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ ನಂತರದ ತಿಂಗಳುಗಳು ಕಡುಬೇಸಿಗೆಯವು. ಇದಲ್ಲದೆ ಸಿಪ್ಪೆಯಿಂದ ಪೊಟ್ಯಾಸಿಯಂ ರಸಕ್ಕೆ ಇಳಿದು ಹುಳಿಯ ಬಲ ಕುಗ್ಗುತ್ತದೆ. ಬಿಸಿ ಸೀಮೆಯ ಹಣ್ಣಿನಲ್ಲಿ ಮೊದಲೇ ಹುಳಿ ಕಡಿಮೆ. ಹುಳಿ ಕುಗ್ಗಿದ ವೈನ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಕೂಡ ಪೂರ್ಣವಾಗಿ ಕೆಲಸ ಮಾಡುವುದಿಲ್ಲ, ರೋಗಾಣುಗಳಿಗೆ ಅವಕಾಶ ಹೆಚ್ಚುತ್ತದೆ. ಆದುದರಿಂದ ಸ್ವಲ್ಪ ಬೇಗನೆ ಕೊಯ್ಲು, ದಪ್ಪ ಸಿಪ್ಪೆಯ ಆರೋಗ್ಯವಂತ ಹಣ್ಣು, ತಂಪುಗೊಳಿಸುವ ವ್ಯವಸ್ಥೆ ಮತ್ತು ಕಡಿಮೆ ಅವಧಿ ಇವು ಇಲ್ಲಿಗೆ ಹೆಚ್ಚು ಸೂಕ್ತ. ಮೊದಲ ವರ್ಷ ಒಂದೆರಡು ಸಣ್ಣ ತೊಟ್ಟಿಗಳಲ್ಲಿ ಮಾತ್ರ ಪ್ರಯೋಗ ನಡೆಸುವುದು ಕ್ಷೇಮ.

ಯೋಜನಾ ವರದಿಯನ್ನು ಸಿದ್ಧಪಡಿಸುವಾಗ, ಕೊಯ್ಲಿನಿಂದ ಮಾರಾಟದವರೆಗಿನ ಅವಧಿಯನ್ನೂ ಆ ಅವಧಿಯ ದುಡಿಯುವ ಬಂಡವಾಳವನ್ನೂ ಪ್ರತ್ಯೇಕವಾಗಿ ತೋರಿಸತಕ್ಕದ್ದು. ವೈನ್ ತಯಾರಿಕೆಗೆ ಅಬಕಾರಿ ಇಲಾಖೆಯ ಪರವಾನಗಿ ಕಡ್ಡಾಯವಾಗಿರುತ್ತದೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಮದ್ಯಸಾರಯುಕ್ತ ಪಾನೀಯಗಳು) ನಿಯಮಾವಳಿ 2018ರ ಗುಣಮಟ್ಟ ಹಾಗೂ ಲೇಬಲ್ ನಿಬಂಧನೆಗಳು ಸೋಸದ, ಗಸಿಯಿರುವ ವೈನ್‌ಗಳಿಗೂ ಅನ್ವಯಿಸುತ್ತವೆ. ಲೇಬಲ್‌ನ ಕರಡನ್ನು ಮುದ್ರಣಕ್ಕೆ ಕೊಡುವ ಮುನ್ನ ನಿಯಮಾವಳಿಯೊಡನೆ ತಾಳೆ ನೋಡಿಕೊಳ್ಳುವುದು.